ಬಾಗಿಲು ಮೇಸ್ತ್ರಿಯ ಮನೆಯ ಫ್ರಿಜ್ಜು

ಬಾಗಿಲು ಮೇಸ್ತ್ರಿಯ ಮನೆಯಲ್ಲೇ ಬಾಗಿಲೊಂದು ಜೋತುಬಿದ್ದಿದೆ ಎಂಬ ಸುದ್ದಿ ಬೀದಿಗೆ ಮುಟ್ಟಲು ಎರಡು ದಿನವೂ ಹಿಡಿಯಲಿಲ್ಲ. ಅದು ಮನೆಯ ಮುಂಬಾಗಿಲಲ್ಲ, ಅಡುಗೆಮನೆಯ ಫ್ರಿಜ್ಜಿನ ಬಾಗಿಲು. ಆದರೆ ನಗುವವರಿಗೆ ಅಷ್ಟೆಲ್ಲ ವ್ಯತ್ಯಾಸ ಬೇಕಾಗುವುದಿಲ್ಲ. ನಲವತ್ತೆರಡು ವರ್ಷ ಊರಿನ ಮನೆಗಳಿಗೆ, ಶಾಲೆಗಳಿಗೆ, ಆಸ್ಪತ್ರೆಗೆ, ಕಚೇರಿಗಳಿಗೆ ಬಾಗಿಲು ಕೂರಿಸಿದ ಬಡಗಿ ಅವರು. ಮಂಡಿನೋವಿನಿಂದ ಕೆಲಸ ಬಿಟ್ಟು ಎರಡು ವರ್ಷವಾಗಿದ್ದರೂ ಹೆಸರು ಇನ್ನೂ ಕೆಲಸದಲ್ಲೇ ಇತ್ತು. ಯಾರ ಮನೆಯ ಬಾಗಿಲು ಕಿರುಗುಟ್ಟಿದರೂ, ಬೀದಿಯಲ್ಲಿ ನಿಂತು ಕಿವಿಗೊಟ್ಟು, ಅದರ ಕೀಲುಗಳಲ್ಲಿ, ಅಂದರೆ ತಿರುಗಣಿಗಳಲ್ಲಿ, ಸಡಿಲವಾಗಿರುವುದು ಮೇಲಿನದೋ ಕೆಳಗಿನದೋ ಎಂದು ಹೇಳಿಬಿಡುತ್ತಿದ್ದರು. ಹೇಳಿದ ಮಾತು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ.

ಮೊದಲು ಕೆಟ್ಟದ್ದು ಹಾಲು. ಒಂದು ಬೆಳಿಗ್ಗೆ ಮೇಸ್ತ್ರಿಯ ಹೆಂಡತಿ ಒಡೆದ ಹಾಲಿನ ಪಾತ್ರೆಯನ್ನು ತಂದು ಗಂಡನ ಮೂಗಿನ ಬಳಿ ಹಿಡಿದು, ಒಳಗೆ ಹೋದರು. ಮೇಸ್ತ್ರಿ ಹಿಂದೆಯೇ ಹೋಗಿ ನೋಡಿದರೆ ಫ್ರಿಜ್ಜಿನ ಮುಂದೆ ಅಂಗೈಯಗಲ ನೀರು. ಬಾಗಿಲಿನ ಹಿಡಿಕೆಯ ಪಕ್ಕ ಕೆಳಕ್ಕೆ ಇಳಿದಿತ್ತು. ಮೇಲಿನ ಮೂಲೆಯಲ್ಲಿ ರಬ್ಬರು ಪಟ್ಟಿ ಪೆಟ್ಟಿಗೆಗೆ ತಾಗದೆ ಬಾಯಿ ಬಿಟ್ಟುಕೊಂಡು, ಒಳಗಿನ ದೀಪ ಆ ಸಂದಿಯಿಂದ ಹೊರಗೆ ಇಣುಕುತ್ತಿತ್ತು. ತಳ್ಳಿದರೆ ಮುಚ್ಚುತ್ತಿತ್ತು, ಬೆನ್ನು ತಿರುಗಿಸಿದರೆ ಮತ್ತೆ ಮೆಲ್ಲಗೆ ತೆರೆದುಕೊಳ್ಳುತ್ತಿತ್ತು.

ಮೇಸ್ತ್ರಿ ಬಾಗಿಲನ್ನು ಪೂರ್ತಿ ತೆರೆದು, ಒಳಗೆ ಸಾಲಾಗಿ ನಿಂತಿದ್ದ ನೀರಿನ ಬಾಟಲಿಗಳನ್ನು ನೋಡಿದರು. ಆರೋಪಿ ಸಿಕ್ಕಿದ ಪೊಲೀಸರ ಮುಖದಂತಾಯಿತು ಅವರ ಮುಖ. ಕೆಲಸಕ್ಕೆ ಹೊರಟಿದ್ದ ಸೊಸೆಯನ್ನು ಕರೆದರು.

"ಈ ಬಾಗಿಲಲ್ಲಿ ಎಷ್ಟು ಬಾಟಲಿ ಇಟ್ಟಿದೀಯಮ್ಮ?"

"ಆರು, ಮಾವ."

"ಆರು ಲೀಟರು ನೀರು. ಆರು ಕೆಜಿ. ಬಾಗಿಲು ಅಂದ್ರೆ ಬಾಗಿಲು, ಗೋಡೌನ್ ಅಲ್ಲ."

"ಬಾಟಲಿ ಇಡೋಕೇ ಅಂತ ಅವರೇ ಜಾಗ ಮಾಡಿದಾರಲ್ಲ, ಮಾವ."

"ಜೇಬಿದೆ ಅಂತ ಯಾರಾದ್ರೂ ಕಲ್ಲು ತುಂಬಿಸ್ಕೋತಾರಾ?"

ಶಾಲೆಯ ಕೊನೆಯ ವರ್ಷದಲ್ಲಿದ್ದ ಮೊಮ್ಮಗಳು ಹಲ್ಲುಜ್ಜುತ್ತಿದ್ದವಳು ನೊರೆಯೊಂದಿಗೇ ನಕ್ಕಳು. ಸೊಸೆ ನಗಲಿಲ್ಲ, ವಾದವನ್ನೂ ಮುಂದುವರಿಸಲಿಲ್ಲ. ಆರು ಬಾಟಲಿಗಳನ್ನೂ ಒಂದೊಂದಾಗಿ ತೆಗೆದು ಅಡುಗೆಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, ಚೀಲ ಹೆಗಲಿಗೇರಿಸಿ ಹೊರಟಳು. ಅಂದಿನಿಂದ ಮನೆಯವರೆಲ್ಲ ಬೆಚ್ಚನೆಯ ನೀರು ಕುಡಿದರು. ಆ ನೀರು ಗಂಟಲಲ್ಲಿ ಇಳಿಯುವಾಗಲೆಲ್ಲ ತಪ್ಪು ಯಾರದು ಎಂಬುದು ಎಲ್ಲರಿಗೂ ನೆನಪಾಗುತ್ತಿತ್ತು. ಮೇಸ್ತ್ರಿಯ ಹೆಂಡತಿ ಕಟ್ಟುಕತೆ ಕಟ್ಟುವವರಲ್ಲ, ಆದರೆ ಕೇಳಿದವರಿಗೆ ಉತ್ತರ ಕೊಡದೆ ಇರುವವರೂ ಅಲ್ಲ. ಎದುರು ಮನೆಯ ನಿವೃತ್ತ ಅಂಚೆಯವರು ವಿಚಾರಿಸಿದಾಗ, ಸೊಸೆ ಬಾಗಿಲಿಗೆ ಬಾಟಲಿ ತುಂಬಿ ತುಂಬಿ ಹೀಗಾಯಿತು ಎಂದರು. ಆ ಮನುಷ್ಯ ನೌಕರಿಯಲ್ಲಿದ್ದಾಗ ಕಾಗದ ತಲುಪಿಸಲು ತಡಮಾಡಿದ್ದಿರಬಹುದು. ನಿವೃತ್ತಿಯ ನಂತರ ಸುದ್ದಿ ತಲುಪಿಸಲು ಎಂದೂ ತಡಮಾಡಿದವರಲ್ಲ.

ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ಅವಳ ಗಂಡ, ಮೇಸ್ತ್ರಿಯ ಒಬ್ಬನೇ ಮಗ, ಚಪ್ಪಲಿ ಅಂಗಡಿಯ ಹಿರಿಯ ಸೇಲ್ಸ್‌ಮನ್. ಉಳಿ ಹಿಡಿಯಬೇಕಾದ ಕೈ ಊರವರ ಪಾದ ಅಳೆಯುತ್ತಿದೆ ಎಂಬ ಕೊರಗು ಮೇಸ್ತ್ರಿಗೆ ಇದ್ದೇ ಇತ್ತು. ಮಗನಾದರೋ ಸಂಜೆ ಬಂದವನೇ ಬಾಗಿಲನ್ನು ಎರಡು ಸಲ ತೆಗೆದು ಹಾಕಿ, ಇದಕ್ಕೆ ಹದಿನೇಳು ವರ್ಷವಾಯಿತು, ಹೊಸದು ತರೋಣ ಎಂದ. ಅವನ ಅಂಗಡಿಯಲ್ಲಿ ಅಟ್ಟೆ ಕಿತ್ತರೆ ಜೋಡಿಯನ್ನೇ ಬದಲಿಸುವುದು ರೂಢಿ. ಮೇಸ್ತ್ರಿ ಮಗನ ಕಡೆ ತಿರುಗಿಯೂ ನೋಡಲಿಲ್ಲ.

"ನಾನು ಬದುಕಿರೋವಾಗ ನನ್ನ ಮನೇಲಿ ಬಾಗಿಲು ಸರಿಯಾಗ್ಲಿಲ್ಲ ಅಂತ ಸಾಮಾನು ಆಚೆ ಹೋಗೋದಿಲ್ಲ. ತಿಳೀತಾ?"

ಮರುದಿನ ಅವರು ಕೆಲಸಕ್ಕೆ ಕೂತರು. ಅವರ ಕೆಲಸ ನೋಡುವಂಥದ್ದೇ. ಬಾಗಿಲಿನ ತಟ್ಟೆಗಳನ್ನು ಖಾಲಿ ಮಾಡಿ, ಬಾಗಿಲ ಕೆಳಗೆ ಮಡಿಸಿದ ಹಳೆಯ ಬಟ್ಟೆಯಿಟ್ಟು, ಅದರ ಮೇಲೆ ಮರದ ಬೆಣೆ ಕೊಟ್ಟು ಬಾಗಿಲನ್ನು ಕೂದಲು ಕೂದಲಾಗಿ ಎತ್ತಿದರು. ಮೇಲಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ತಿರುಗಣಿಯ ಮೂರು ಬೋಲ್ಟುಗಳನ್ನು ಸಡಿಲಿಸಿ, ಬಾಗಿಲಿನ ಅಂಚು ಪೆಟ್ಟಿಗೆಯ ಅಂಚಿಗೆ ಸರಿಯಾಗಿ ಕೂತದ್ದನ್ನು ಬೆರಳಿನಿಂದ ಸವರಿ ನೋಡಿ, ಬೋಲ್ಟುಗಳನ್ನು ಒಂದಾದ ಮೇಲೊಂದು ಬಿಗಿದರು. ಬೆಣೆ ತೆಗೆದಾಗ ಬಾಗಿಲು ಅಲ್ಲಾಡಲಿಲ್ಲ. ಹೆಂಡತಿ ತೃಪ್ತಿಯಿಂದ ತಲೆದೂಗಿದರು. ಮೇಸ್ತ್ರಿ ಸಂಜೆ ಬೀದಿಯಲ್ಲಿ ಒಂದು ಸುತ್ತು ಜಾಸ್ತಿಯೇ ನಡೆದರು.

ಐದನೆಯ ದಿನ ಬಾಗಿಲು ಮತ್ತೆ ಇಳಿದಿತ್ತು.

ಆಗ ಅವರಿಗೆ ಕೆಳಗಿನ ತಿರುಗಣಿಯ ಮೇಲೆ ಅನುಮಾನ ಬಂತು. ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿ ನೋಡಿದರೆ, ಗೂಟ ಕೂರುವ ಪ್ಲಾಸ್ಟಿಕ್ ಬಿಲ್ಲೆ ನಿಜವಾಗಿಯೂ ಸವೆದಿತ್ತು. ಹಳೆಯ ಎಣ್ಣೆ ಡಬ್ಬದ ದಪ್ಪ ಮುಚ್ಚಳದಿಂದ ಹೊಸ ಬಿಲ್ಲೆಯೊಂದನ್ನು ಕತ್ತರಿಸಿ, ಉಜ್ಜಿ, ನುಣುಪು ಮಾಡಿ ಕೂರಿಸಿದರು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ರಬ್ಬರು ಪಟ್ಟಿಯನ್ನು ಒತ್ತಿ ಒತ್ತಿ ಮೃದುಗೊಳಿಸಿದರು. ಬಾಗಿಲು ನಾಲ್ಕು ದಿನ ಮಾತು ಕೇಳಿತು. ಆಮೇಲೆ ಮತ್ತದೇ ಹಾಡು.

ಈ ನಡುವೆ ಸೊಸೆ ಲ್ಯಾಬಿನಿಂದ ಚಿಕ್ಕದೊಂದು ಥರ್ಮಾಮೀಟರು ತಂದು ಫ್ರಿಜ್ಜಿನೊಳಗೆ ಇಟ್ಟಳು. ಗೆರೆ ಹಾಕಿದ ಹಾಳೆಯೊಂದನ್ನು ಫ್ರಿಜ್ಜಿನ ಪಕ್ಕಕ್ಕೆ ಅಂಟಿಸಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಂಕಿ ಬರೆಯತೊಡಗಿದಳು. ಲ್ಯಾಬಿನಲ್ಲಿ ಪ್ರತಿ ಫ್ರಿಜ್ಜಿಗೂ ಇಂಥ ಹಾಳೆ ಇರುತ್ತದಂತೆ. ತಾರೀಕು, ಅಂಕಿ, ಬರೆದವರ ಸಹಿ. ಕೊನೆಯಲ್ಲಿ, ಏನಾದರೂ ಕೆಟ್ಟರೆ ಕಾರಣ ಬರೆಯಲು ಒಂದು ಸಾಲು. ಅತ್ತೆಯ ಸಕ್ಕರೆ ಕಾಯಿಲೆಯ ಇನ್ಸುಲಿನ್ ಸೀಸೆಗಳು ಆ ಫ್ರಿಜ್ಜಿನಲ್ಲೇ ಇರುತ್ತಿದ್ದವು. ಮೂರನೆಯ ದಿನ ಸಂಜೆ ಅಂಕಿ ಹದಿನಾಲ್ಕು ತೋರಿಸಿದಾಗ ಅವಳು ಎರಡು ಸೀಸೆಗಳನ್ನು ತೆಗೆದು, ಲ್ಯಾಬಿನ ಕೆಳಗಿನ ಔಷಧದಂಗಡಿಯ ಫ್ರಿಜ್ಜಿನಲ್ಲಿ ಇಟ್ಟುಬರುತ್ತೇನೆ ಎಂದಳು. ಊಟಕ್ಕೆ ಕೂತಿದ್ದ ಮೇಸ್ತ್ರಿ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದರು.

"ನಮ್ಮನೆ ಔಷಧಕ್ಕೆ ಕಂಡವರ ಅಂಗಡೀಲಿ ಬಿಡಾರ ಮಾಡ್ಬೇಕಾ? ನಾನಿನ್ನೂ ಕೈ ಚೆಲ್ಲಿಲ್ಲ."

"ನೀವು ಕೈ ಚೆಲ್ಲಿದೀರಿ ಅಂತ ನಾನು ಹೇಳ್ಲಿಲ್ಲ ಮಾವ. ಎಂಟು ಡಿಗ್ರಿ ದಾಟಿದ್ರೆ ಔಷಧ ಹಾಳಾಗುತ್ತೆ. ಸೀಸೆಗೆ ನಮ್ಮ ಮರ್ಯಾದೆ ಗೊತ್ತಾಗಲ್ಲ."

ಮಗ ತಟ್ಟೆಯ ಮೇಲೆ ಕಣ್ಣಿಟ್ಟು ಮೆತ್ತಗೆ ಹೊಸ ಫ್ರಿಜ್ಜಿನ ಮಾತು ತೆಗೆದ. ತಂದೆ ಮೊದಲ ಸಲ ದನಿ ಎತ್ತಿದರು. ಮೊಮ್ಮಗಳು, ಹೊಸದಕ್ಕೆ ಎರಡು ಬಾಗಿಲಿರುತ್ತದೆ, ತಾತನಿಗೆ ಎರಡು ಪಟ್ಟು ಕೆಲಸ ಎಂದು ಬಾಯಿ ಹಾಕಿ ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡಳು. ಕೊನೆಗೆ ಗೆದ್ದವರು ಮೇಸ್ತ್ರಿಯ ಹೆಂಡತಿ. ತನ್ನ ಔಷಧ ಎಲ್ಲಿರಬೇಕೆಂದು ತಾನೇ ಹೇಳುತ್ತೇನೆ, ಸೊಸೆ ತೆಗೆದುಕೊಂಡು ಹೋಗಲಿ, ಉಳಿದವರು ಅನ್ನ ಆರುವ ಮೊದಲು ಉಣ್ಣಲಿ ಎಂದರು. ಸೀಸೆಗಳು ಹೋದವು. ಮೇಸ್ತ್ರಿಗೆ ಮನೆಯ ಮರ್ಯಾದೆಯೇ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೊರಗೆ ಹೋದಂತಾಯಿತು.

ಅವರಿಗೆ ಹೇಳದೆ ಮಗ ಒಬ್ಬ ರಿಪೇರಿಯವನನ್ನು ಕರೆಸಿದ. ಆತ ಬಾಗಿಲನ್ನು ಹಿಡಿದು ಅಲ್ಲಾಡಿಸಿ, ರಬ್ಬರು ಹೋಗಿದೆ, ತಿರುಗಣಿ ಹೋಗಿದೆ, ಇದಕ್ಕೆ ಬಿಡಿಭಾಗವೇ ಬರುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟ. ಹೊರಡುವಾಗ ಬಗ್ಗಿ ನೋಡಿ, "ಸ್ಟ್ಯಾಂಡು ಮಾತ್ರ ಬಹಳ ಚೆನ್ನಾಗಿದೆ, ಈಗ ಇಂಥ ಕೆಲಸ ಯಾರು ಮಾಡ್ತಾರೆ" ಎಂದ. ಆ ಒಂದು ಮಾತಿಗಾಗಿ ಮೇಸ್ತ್ರಿ ಅವನ ಉಳಿದ ಮಾತನ್ನೆಲ್ಲ ಕ್ಷಮಿಸಿದರು.

ಆ ಸ್ಟ್ಯಾಂಡು ಮೇಸ್ತ್ರಿಯದೇ ಕೈಕೆಲಸ. ಮಗನ ಮೊದಲ ವರ್ಷದ ಸಂಬಳದಲ್ಲಿ ಫ್ರಿಜ್ಜು ಮನೆಗೆ ಬಂದಾಗ, ಅದರ ತಳದಲ್ಲಿ ತಿರುಗಿಸಿ ಎತ್ತರ ಇಳಿಸುವ ಪ್ಲಾಸ್ಟಿಕ್ ಕಾಲುಗಳಿದ್ದವು. ಬಡಗಿಯ ಮನೆಯಲ್ಲಿ ಪ್ಲಾಸ್ಟಿಕ್ ಕಾಲೇ ಎಂದು ಅವುಗಳನ್ನು ಬಿಚ್ಚಿ ಎಸೆದು, ನಾಲ್ಕು ಕಾಲಿನ ಮರದ ಸ್ಟ್ಯಾಂಡು ಮಾಡಿ, ಫ್ರಿಜ್ಜಿನ ತಳ ಕದಲದಂತೆ ಅಂಚು ಕಟ್ಟಿ ಕೂರಿಸಿದ್ದರು. ಬಂದ ನೆಂಟರಿಗೆಲ್ಲ ಫ್ರಿಜ್ಜಿಗಿಂತ ಮೊದಲು ಅದನ್ನೇ ತೋರಿಸುತ್ತಿದ್ದರು. ಮನೆಯಲ್ಲಿ ಏನು ಕೆಟ್ಟರೂ ಅದು ಮೇಸ್ತ್ರಿ ಮಾಡಿದ ವಸ್ತುವಲ್ಲ ಎಂಬುದು ಎಲ್ಲರ ನಂಬಿಕೆ. ಆ ಮನೆಯ ತಪ್ಪು ಹುಟ್ಟಿದ್ದೂ ಅಲ್ಲಿಯೇ.

ಎರಡನೆಯ ವಾರದ ಕೊನೆಗೆ ಸೊಸೆ ತನ್ನ ಪಾಡಿಗೆ ತಾನು ಒಂದು ಪರೀಕ್ಷೆ ಮಾಡಿದಳು. ಕಾಗದದ ಪಟ್ಟಿಯೊಂದನ್ನು ಬಾಗಿಲಿನ ಸಂದಿಗೆ ಕೊಟ್ಟು ಮುಚ್ಚಿ, ಎಳೆದು ನೋಡುವುದು: ರಬ್ಬರು ಕಚ್ಚಿದ್ದರೆ ಕಾಗದ ಬರುವುದಿಲ್ಲ. ಸುತ್ತಲೂ ಹೀಗೆ ನೋಡಿಕೊಂಡು ಬಂದು ಹಿಡಿಕೆಯ ಪಕ್ಕದ ಮೇಲಿನ ಮೂಲೆಯಲ್ಲಿ ನಿಂತಳು. ಅಲ್ಲಿ ಕಾಗದ ಸಲೀಸಾಗಿ ಹೊರಬಂತು. ಅದೇ ಹೊತ್ತಿಗೆ ಅವಳ ಗಂಡ, ಮೇಲಿನ ಡಬ್ಬಿ ತೆಗೆಯಲು ತಿರುಗಣಿಯ ಪಕ್ಕದಲ್ಲಿ ಫ್ರಿಜ್ಜನ್ನು ತಬ್ಬಿದಂತೆ ಹಿಡಿದು ಹಿಂದಕ್ಕೆ ಒತ್ತಿದ. ಕಾಗದ ಗಪ್ಪನೆ ಸಿಕ್ಕಿಕೊಂಡಿತು. ಅವನು ಕೈಬಿಟ್ಟ, ಕಾಗದ ಸಡಿಲವಾಯಿತು. ಅವಳು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ ಮೇಸ್ತ್ರಿಯ ಬಳಿ ಬಂದಳು.

"ಮಾವ, ಒಂದ್ಸಲ ಸ್ಟ್ಯಾಂಡು ಮಟ್ಟವಾಗಿದೆಯಾ ನೋಡ್ತೀರಾ? ಫ್ರಿಜ್ಜೇ ಸ್ವಲ್ಪ ವಾಲಿದೆ ಅನ್ಸುತ್ತೆ."

ಮೇಸ್ತ್ರಿ ಪತ್ರಿಕೆ ಕೆಳಗಿಳಿಸಲಿಲ್ಲ. ಪತ್ರಿಕೆಯ ಹಿಂದಿನಿಂದಲೇ ಉತ್ತರ ಬಂತು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ."

ಮೊಮ್ಮಗಳು ಕೂಡ ಈ ಸಲ ನಗಲಿಲ್ಲ. ಸೊಸೆ ಅಡುಗೆಮನೆಗೆ ಹಿಂತಿರುಗಿ, ಕೊಯ್ಯಬೇಕಾದ ಸೊಪ್ಪನ್ನು ಕೊಯ್ದು, ತೊಳೆಯಬೇಕಾದ ಪಾತ್ರೆಯನ್ನು ತೊಳೆದಳು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಹಾಳೆಯಲ್ಲಿ ಅಂಕಿ ಬರೆಯುವುದನ್ನೂ ನಿಲ್ಲಿಸಲಿಲ್ಲ.

ಆಡಿದ ಮಾತು ಆಡಿದವರನ್ನೇ ಕಚ್ಚುವುದುಂಟು. ಮೂರನೆಯ ವಾರದ ಒಂದು ಮಧ್ಯಾಹ್ನ, ಹೆಂಡತಿ ಊಟವಾಗಿ ಅಡ್ಡಾಗಿದ್ದಾಗ, ಮೇಸ್ತ್ರಿ ಬಾಗಿಲ ಮುಂದೆ ಮೋಡದ ಮುಖ ಹಾಕಿಕೊಂಡು ಕೂತಿದ್ದರು. ಮೇಲಿನ ಬೋಲ್ಟು ಬಿಗಿಯಾಗಿದೆ, ಕೆಳಗಿನ ಬಿಲ್ಲೆ ಹೊಸದಾಗಿದೆ, ಭಾರ ಒಂದು ಚಮಚದಷ್ಟೂ ಇಲ್ಲ. ಹಾಗಿದ್ದೂ ಬಾಗಿಲು ಇಳಿಯುತ್ತದೆಂದರೆ? ಇದೇ ಪ್ರಶ್ನೆಯನ್ನು ಯಾರಾದರೂ ಶಿಷ್ಯ ಕೇಳಿದ್ದರೆ ಅವನ ತಲೆಗೆ ಪೆನ್ಸಿಲಿನಿಂದ ಕುಟ್ಟಿ, ಬಾಗಿಲಿಗೆ ಉಳಿ ಮುಟ್ಟಿಸುವ ಮೊದಲು ಚೌಕಟ್ಟಿಗೆ ಮಟ್ಟ ಇಟ್ಟು ನೋಡಿದೆಯಾ ಎಂದು ಕೇಳುತ್ತಿದ್ದರು. ಹತ್ತಾರು ಹುಡುಗರಿಗೆ ಮೊದಲ ದಿನ ಕಲಿಸಿದ ಪಾಠ ಅದು. ಮೂರು ವಾರದಲ್ಲಿ ತಾವೇ ಒಂದು ಸಲವೂ ನೋಡಿರಲಿಲ್ಲ. ಫ್ರಿಜ್ಜು ನಿಂತಿದ್ದುದು ತಮ್ಮ ಸ್ಟ್ಯಾಂಡಿನ ಮೇಲಲ್ಲವೇ?

ಅವರು ಮಂಚದ ಕೆಳಗಿನ ಪೆಟ್ಟಿಗೆಯಿಂದ, ಗಾಜಿನ ಕೊಳವೆಯಲ್ಲಿ ಗುಳ್ಳೆ ಓಡಾಡುವ ರಸಮಟ್ಟವನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ ಫ್ರಿಜ್ಜಿನ ನೆತ್ತಿಯ ಮೇಲಿಟ್ಟರು. ಗುಳ್ಳೆ ಎಡಕ್ಕೆ ಓಡಿ ಮೂಲೆ ಸೇರಿತು. ಬಲಗಡೆ ಇಳಿದಿತ್ತು, ತಿರುಗಣಿಯ ಕಡೆ. ಅವರಿಗೆ ತಕ್ಷಣ ಗೊತ್ತಾಯಿತು. ಮಂಡಿಯ ನೋವನ್ನು ಮರೆತು ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ, ಸ್ಟ್ಯಾಂಡಿನ ಮುಂದಿನ ಬಲಗಾಲನ್ನು ನೋಡಿದರು. ಬಣ್ಣದ ಮೇಲೆ, ಕಾಲಿನ ನಡುಭಾಗದಲ್ಲಿ, ಓರೆಯಾಗಿ ಒಂದು ಬಿರುಕಿನ ಗೆರೆ. ಮೇಲಿನ ತುಂಡು ಕೆಳಗಿನದರ ಮೇಲೆ ಕಾಲಂಗುಲ ಜಾರಿತ್ತು.

ಆ ಗೆರೆ ಎಲ್ಲಿರಬೇಕೆಂದು ಬಲ್ಲವರು ಜಗತ್ತಿನಲ್ಲಿ ಒಬ್ಬರೇ. ಹದಿನೇಳು ವರ್ಷದ ಹಿಂದೆ, ಮಾರನೆಯ ದಿನ ಫ್ರಿಜ್ಜು ಬರುವುದಿದ್ದಾಗ, ನಾಲ್ಕನೆಯ ಕಾಲಿಗೆ ಮರ ನಾಲ್ಕು ಬೆರಳು ಕಡಿಮೆ ಬಿದ್ದಿತ್ತು. ಮರದ ಅಡ್ಡೆಗೆ ಅಂದು ರಜೆ. ಎರಡು ತುಂಡುಗಳನ್ನು ಓರೆಯಾಗಿ ಕತ್ತರಿಸಿ, ಅಂಟು ಹಾಕಿ, ಎರಡು ಗೂಟ ಹೊಡೆದು, ಮೇಲೆ ಬಣ್ಣ ಬಳಿದಿದ್ದರು. ಮುಂದಿನ ವಾರ ಬದಲಿಸಿದರಾಯಿತು ಎಂದುಕೊಂಡಿದ್ದರು. ಆ ವಾರ ಬರಲಿಲ್ಲ. ಹೊಗಳಿಕೆ ಮಾತ್ರ ಬರುತ್ತಲೇ ಇತ್ತು.

ಮೇಸ್ತ್ರಿ ಎದ್ದು ಕೂತರು. ಮಲಗುವ ಕೋಣೆಯಿಂದ ಹೆಂಡತಿಯ ಗೊರಕೆ ಕೇಳುತ್ತಿತ್ತು. ಅವರು ತೆಳುವಾದ ಮರದ ಚಕ್ಕೆಯೊಂದನ್ನು ಆರಿಸಿ, ಸನ್ನೆಗೋಲಿನಿಂದ ಆ ಮೂಲೆಯನ್ನು ಎತ್ತಿ, ಕಾಲಿನ ಕೆಳಗೆ ತೂರಿಸಿದರು. ಗುಳ್ಳೆ ಮಧ್ಯಕ್ಕೆ ಬಂತು. ಬಾಗಿಲನ್ನು ಬೆರಳ ತುದಿಯಿಂದ ತಳ್ಳಿದರು. ಅದು ತಾನೇ ಹೋಗಿ ಮೆತ್ತನೆಯ ಸದ್ದಿನೊಂದಿಗೆ ಮುಚ್ಚಿಕೊಂಡಿತು. ಮೂರು ವಾರದಿಂದ ಆ ಸದ್ದಿಗೆ ಕಾದಿದ್ದರೂ, ಕೇಳಿದಾಗ ಸುಖವಾಗಲಿಲ್ಲ.

ಸದ್ದಿಗೆ ಎದ್ದುಬಂದ ಹೆಂಡತಿ ಬಾಗಿಲನ್ನು ನಾಲ್ಕು ಸಲ ತೆಗೆದು ಹಾಕಿ, "ನಿಮ್ಮ ಕೈ ಕೈಯೇ ಬಿಡಿ" ಎಂದರು. ಸಂಜೆ ಬಂದ ಸೊಸೆ ಚೀಲ ಇಟ್ಟು, ಕೈ ತೊಳೆದು, ಕಾಗದದ ಪಟ್ಟಿ ತೆಗೆದಳು. ನಾಲ್ಕೂ ಮೂಲೆಯಲ್ಲಿ ಕಾಗದ ಕಚ್ಚಿ ಹಿಡಿಯಿತು. ಅವಳ ಮುಖ ಅರಳಿತು.

"ಸರಿಹೋಯ್ತಲ್ಲ ಮಾವ. ಏನಿತ್ತು?"

"ಕೀಲು," ಎಂದರು ಮೇಸ್ತ್ರಿ.

ಅವಳು ಪೆನ್ನು ಹಿಡಿದು ಹಾಳೆಯ ಕೊನೆಯ ಸಾಲಿಗೆ ಬಂದಳು. ಕಾರಣ ಬರೆಯದೆ ಹಾಳೆ ಮುಗಿಸುವುದು ತನಗೆ ರೂಢಿಯಿಲ್ಲ, ಏನು ಬರೆಯಲಿ ಎಂದು ಕೇಳಿದಳು. ಮೇಸ್ತ್ರಿ ಏನಾದರೂ ಹೇಳುವ ಮೊದಲೇ ಹೆಂಡತಿ, ಇದರಲ್ಲಿ ಕೇಳುವುದೇನಿದೆ, ಬಾಟಲಿಯ ಭಾರಕ್ಕೆ ಕೀಲು ಸವೆಯಿತು ಎಂದು ಬರೆ ಎಂದರು. ಸೊಸೆ ಮಾವನ ಮುಖ ನೋಡಿದಳು. ಮೇಸ್ತ್ರಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಗಂಟಲು ಕೆರೆದುಕೊಂಡರು. ಅವಳು ತನ್ನ ದುಂಡಗಿನ ಅಕ್ಷರಗಳಲ್ಲಿ ಹಾಗೆಯೇ ಬರೆದಳು. ತನ್ನ ತಪ್ಪನ್ನು ತಾನೇ ದಾಖಲಿಸಿ ಕೆಳಗೆ ಸಹಿ ಹಾಕಿದಳು.

ಹಾಳೆ ಅಲ್ಲಿಯೇ ಉಳಿಯಿತು. ಮಾರನೆಯ ದಿನ ಇನ್ಸುಲಿನ್ ಸೀಸೆಗಳು ಮನೆಗೆ ಮರಳಿದವು. ಮನೆಯಲ್ಲಿ ತಣ್ಣನೆಯ ನೀರು ಬಂತು, ಆದರೆ ಬಾಟಲಿಗಳು ಬಾಗಿಲಿಗೆ ಮರಳಲಿಲ್ಲ. ಸೊಸೆ ಅವುಗಳನ್ನು ಕೆಳಗಿನ ತಟ್ಟೆಯಲ್ಲಿ ಮಲಗಿಸಿಟ್ಟಳು. ಮೇಸ್ತ್ರಿ ನೀರು ಕುಡಿಯಲು ಹೋದಾಗಲೆಲ್ಲ ಹಾಳೆಯ ಆ ಕೊನೆಯ ಸಾಲು ಕಣ್ಣಿಗೆ ಬೀಳುತ್ತಿತ್ತು. ಎರಡು ದಿನದಲ್ಲಿ ಅವರಿಗೆ ಬಾಯಾರಿಕೆಯೇ ಕಡಿಮೆಯಾಯಿತು.

ಶುಕ್ರವಾರ ಸಂಜೆ ಎದುರು ಮನೆಯ ಅಂಚೆಯವರು ಚಹಾದ ಹೊತ್ತಿಗೆ ಸರಿಯಾಗಿ ಬಂದರು. ಬಾಗಿಲನ್ನು ತಾವೂ ಒಮ್ಮೆ ತೆಗೆದು ಹಾಕಿ ಕಣ್ಣರಳಿಸಿದರು. "ಅಂತೂ ಸೊಸೆ ಕೆಡಿಸಿದ್ದನ್ನ ಮಾವ ರಿಪೇರಿ ಮಾಡಿದ್ರು ಅನ್ನಿ," ಎಂದರು. ಸೊಸೆ ಅವರ ಲೋಟಕ್ಕೇ ಚಹಾ ಬಗ್ಗಿಸುತ್ತಿದ್ದಳು. ಅವಳ ಕೈಯ ಧಾರೆ ತುಂಡಾಗಲಿಲ್ಲ. ಲೋಟ ತುಂಬಿಸಿ, ಸಕ್ಕರೆ ಸಾಕೇ ಎಂದು ಕೇಳಿ ಒಳಗೆ ಹೋದಳು. ಮೇಸ್ತ್ರಿ ಆ ಕೈಯನ್ನೇ ನೋಡುತ್ತಿದ್ದರು. ಅಷ್ಟು ಸ್ಥಿರವಾದ ಕೈ ತಮ್ಮ ಶಿಷ್ಯರಲ್ಲಿ ಒಬ್ಬನಿಗೂ ಇರಲಿಲ್ಲ ಎನ್ನಿಸಿತು. ನಲವತ್ತೆರಡು ವರ್ಷ ಅವರು ಇನ್ನೊಬ್ಬನ ಕೆಲಸವನ್ನು ತಮ್ಮದೆಂದು ಹೇಳಿಕೊಂಡವರಲ್ಲ. ಈಗ ತಮ್ಮ ತಪ್ಪನ್ನು ಇನ್ನೊಬ್ಬರದೆಂದು ಹೇಳಿಸಿಕೊಳ್ಳುತ್ತಾ ಚಹಾ ಕುಡಿಯುತ್ತಿದ್ದರು. ಚಹಾವನ್ನು ಅರ್ಧಕ್ಕೆ ಕೆಳಗಿಟ್ಟರು.

ಭಾನುವಾರ ಬೆಳಿಗ್ಗೆ ಎಲ್ಲರೂ ಮನೆಯಲ್ಲಿದ್ದಾಗ ಮೇಸ್ತ್ರಿ ಫ್ರಿಜ್ಜು ಖಾಲಿ ಮಾಡಲು ಹೇಳಿದರು. ಯಾಕೆಂದು ಹೇಳಲಿಲ್ಲ. ಹೆಂಡತಿ ಗೊಣಗುತ್ತಾ ಮೊಟ್ಟೆ, ಬೆಣ್ಣೆ, ತರಕಾರಿ, ನಿನ್ನೆಯದು, ಮೊನ್ನೆಯದು ಎಲ್ಲವನ್ನೂ ಹೊರಗೆ ಹರಡಿದರು. ಮಗನೂ ಸೊಸೆಯೂ ಎರಡು ಕಡೆ ಹಿಡಿದು ಫ್ರಿಜ್ಜನ್ನು ಇಳಿಸಿದರು. ಮೇಸ್ತ್ರಿ ಸ್ಟ್ಯಾಂಡನ್ನು ತಲೆಕೆಳಗು ಮಾಡಿ ಬೆಳಕಿಗೆ ತಂದು, ಚೂಪಾದ ಉಳಿಯಿಂದ ಒಂದು ಕಾಲಿನ ಬಣ್ಣವನ್ನು ಕೆರೆದರು. ಎರಡು ಬಣ್ಣದ ಎರಡು ಮರ, ನಡುವೆ ಓರೆಯ ಜೋಡಣೆ, ಅರ್ಧ ಕಿತ್ತ ಗೂಟ. ನೋಡಲು ಬಡಗಿಯಾಗಿರಬೇಕಿರಲಿಲ್ಲ.

"ಇದು ನಾನು ಮಾಡಿದ್ದು. ಮರ ಸಾಲ್ಲಿಲ್ಲ ಅಂತ ತುಂಡು ಜೋಡಿಸಿ ಬಣ್ಣ ಬಳಿದೆ. ಇದು ಜಾರಿದ್ದಕ್ಕೆ ಬಾಗಿಲು ಇಳೀತು. ಬಾಟಲಿ ಅಲ್ಲ, ಕೀಲೂ ಅಲ್ಲ." ಅವರು ಸೊಸೆಯ ಕಡೆ ತಿರುಗಿದರು. "ಬುಧವಾರವೇ ನನಗೆ ಗೊತ್ತಾಗಿತ್ತಮ್ಮ. ಗೊತ್ತಿದ್ದೂ ನಿನ್ನ ಕೈಯಲ್ಲಿ ಹಾಗೆ ಬರೆಸಿದೆ."

ಮೊದಲು ಚೇತರಿಸಿಕೊಂಡವರು ಹೆಂಡತಿ.

"ಹದಿನೇಳು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರಾ? ನಿಮಗೆ ಗ್ಯಾಸು ಯಾಕೆ ಅಂತ ಡಾಕ್ಟರಿಗೂ ಗೊತ್ತಾಗ್ಲಿಲ್ಲ."

ಮೊಮ್ಮಗಳು ನಕ್ಕದ್ದರಿಂದ ಮನೆಗೆ ಉಸಿರು ಬಂತು. ಹೆಂಡತಿ ಆಮೇಲೆ ಸೊಸೆಯ ಹತ್ತಿರ ಹೋಗಿ, ಬೀದಿಗೆಲ್ಲ ಬಾಟಲಿಯ ಕಥೆ ಹೇಳಿದ ಬಾಯಿ ತನ್ನದು, ಅದೇ ಬಾಯಿಯಿಂದ ಈ ಕಥೆಯನ್ನೂ ಹೇಳುತ್ತೇನೆ ಎಂದರು. ಸೊಸೆ ಕಾಲಿನ ಜೋಡಣೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

"ವಾಲಿದೆ ಅಂತ ಎರಡನೇ ವಾರವೇ ಗೊತ್ತಾಗಿತ್ತು ಮಾವ. ಹೇಳಿದ್ದೆ."

"ಹೇಳಿದ್ದೆ. ನಾನು ಗಾದೆ ಹೇಳ್ದೆ." ಮೇಸ್ತ್ರಿಯ ದನಿ ತಗ್ಗಿತು. "ಇನ್ನೊಂದ್ಸಲ ಯಾಕೆ ಹೇಳ್ಲಿಲ್ಲ?"

"ಲ್ಯಾಬಲ್ಲಿ ನಾವು ರಿಪೋರ್ಟ್ ಒಂದೇ ಸಲ ಕೊಡೋದು. ನಂಬೋದು ಬಿಡೋದು ಅವರಿಗೆ ಬಿಟ್ಟಿದ್ದು. ಹಿಂದೆ ಬಿದ್ದು ನಂಬಿಸೋಕೆ ಹೋಗಲ್ಲ."

ಮಾತು ಮೆತ್ತಗೇ ಇತ್ತು. ಆದರೆ ಅದರಲ್ಲಿ ತಗ್ಗಿದ್ದು ಏನೂ ಇರಲಿಲ್ಲ. ಮೇಸ್ತ್ರಿ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದರು. ತಮ್ಮ ಮನೆಯಲ್ಲಿ ಇನ್ನೊಬ್ಬ ಕಸುಬುದಾರರಿದ್ದಾರೆ ಎಂಬುದು ಅವರಿಗೆ ಹನ್ನೊಂದು ವರ್ಷ ತಡವಾಗಿ ತಿಳಿಯಿತು.

ಹಾಳೆಯನ್ನು ಹರಿದುಹಾಕೋಣ ಎಂದ ಮಗ. ಸೊಸೆ ಬಿಡಲಿಲ್ಲ. ಬರೆದದ್ದನ್ನು ಹರಿಯುವುದಾಗಲಿ, ಕಾಣದಂತೆ ಗೀಚುವುದಾಗಲಿ ತಪ್ಪು. ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ತಿದ್ದಿದವರು ತಾರೀಕಿನೊಂದಿಗೆ ಸಹಿ ಹಾಕಬೇಕು. ಮೇಸ್ತ್ರಿ ಕನ್ನಡಕ ತರಿಸಿಕೊಂಡು, ಬಡಗಿಯ ಚಪ್ಪಟೆ ಪೆನ್ಸಿಲಿನಿಂದ ನೇರವಾದ ಒಂದು ಗೆರೆ ಎಳೆದರು. ಮೇಲೆ ಬರೆದರು: ಸ್ಟ್ಯಾಂಡಿನ ಕಾಲು, ಜೋಡಿಸಿದ್ದು, ನನ್ನ ಕೆಲಸ. ಕೆಳಗೆ ಸಹಿ ಹಾಕಿದರು. ಊರಿನ ಸಾವಿರ ಬಾಗಿಲುಗಳಲ್ಲಿ ಒಂದರ ಮೇಲೂ ಅವರ ಹೆಸರಿರಲಿಲ್ಲ. ಇದರ ಮೇಲೆ ಇತ್ತು.

ಅಂದು ಮಧ್ಯಾಹ್ನ ಫ್ರಿಜ್ಜಿನಿಂದ ಹೊರಬಂದದ್ದೆಲ್ಲ ಊಟವಾಯಿತು. ಯಾವುದು ನಿನ್ನೆಯದು, ಯಾವುದು ಮೊನ್ನೆಯದು ಎಂದು ಯಾರೂ ಕೇಳಲಿಲ್ಲ. ಊಟ ಮುಗಿಸಿದ ಮೇಸ್ತ್ರಿ ಮಲಗಲಿಲ್ಲ. ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ್ದ ಸಾಗುವಾನಿಯ ಒಂದು ತೊಲೆಯ ತುಂಡನ್ನು ಇಳಿಸಿ, ಅದರಿಂದ ಒಂದೇ ಮರದ ಇಡೀ ಕಾಲನ್ನು ಕೊಯ್ದು, ಮರ ನುಣುಪು ಮಾಡುವ ಹತ್ತರಿ ಹಿಡಿದು, ಸ್ಟ್ಯಾಂಡಿಗೆ ಕೂರಿಸಿದರು. ಬಣ್ಣ ಬಳಿಯಲಿಲ್ಲ, ಮರ ಮರದಂತೆಯೇ ಕಾಣಲಿ ಎಂದರು. ಫ್ರಿಜ್ಜು ಮೇಲೇರಿದ ಮೇಲೆ ರಸಮಟ್ಟವನ್ನು ನೆತ್ತಿಯ ಮೇಲಿಟ್ಟು ಸೊಸೆಯನ್ನು ಕರೆದರು.

"ನೋಡಮ್ಮ."

ಅವಳು ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದು, ಲ್ಯಾಬಿನಲ್ಲಿ ಕೊಳವೆ ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿದಳು. ಅತ್ತೆ ಹಿಂದಿನಿಂದ, ಸರಿಯಾಗಿದೆ ಅನ್ನು ಎಂದು ಸನ್ನೆ ಮಾಡಿದರು. ಗಂಡನೂ ಅದನ್ನೇ ಹಾರೈಸುವಂತೆ ನಿಂತಿದ್ದ.

"ಇಲ್ಲ ಮಾವ. ಇನ್ನೂ ಎಡಕ್ಕಿದೆ. ಒಂದು ಕೂದಲಷ್ಟು."

ಮೇಸ್ತ್ರಿ ಇಣುಕಿ ನೋಡಿದರು. ಅವರ ಕಣ್ಣಿಗೆ ಗುಳ್ಳೆ ನಟ್ಟನಡುವೆಯೇ ಇತ್ತು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಮಗನಿಗೆ ಫ್ರಿಜ್ಜು ಇಳಿಸಲು ಹೇಳಿ, ಉಳಿದ ಮೂರು ಕಾಲುಗಳ ತುದಿಗೆ ಹತ್ತರಿಯಿಂದ ಒಂದೊಂದು ಎಳೆ ತೆಗೆದರು. ಫ್ರಿಜ್ಜು ಏರಿತು, ಸೊಸೆ ನೋಡಿದಳು, ತಲೆಯಾಡಿಸಿದಳು. ಫ್ರಿಜ್ಜು ಮತ್ತೆ ಇಳಿಯಿತು. ಮಗ, ಗಿರಾಕಿಗಳು ಹತ್ತು ಜೊತೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಹೋದಾಗಲೂ ಇಷ್ಟು ಸುಸ್ತಾಗಿರಲಿಲ್ಲ ಎಂದು ಬೆನ್ನು ನೀವಿಕೊಂಡ.

ಹತ್ತರಿಯ ಸದ್ದು ಕೇಳಿ ಅಂಚೆಯವರು ತಮ್ಮ ಮನೆಯ ಗೇಟಿನ ಬಳಿಯೇ ನಿಂತು ಕೂಗಿದರು.

"ಏನು ಮೇಸ್ತ್ರಿ, ಮತ್ತೆ ಕೆಟ್ಟಿತಾ? ಮೊನ್ನೆಯೇ ಮುಗೀತು ಅಂದ್ರಲ್ಲ."

ಮೇಸ್ತ್ರಿ ಬಾಗಿಲಿಗೆ ಬಂದು, ಮೈಮೇಲಿನ ಮರದ ಹೊಟ್ಟನ್ನೂ ಕೊಡವಿಕೊಳ್ಳದೆ, ಬೆನ್ನು ನೆಟ್ಟಗೆ ಮಾಡಿ ನಿಂತರು. ಅವರು ಉತ್ತರ ಕೊಟ್ಟದ್ದು ಅಂಚೆಯವರಿಗಾದರೂ, ದನಿ ಬೀದಿಯ ಎರಡೂ ತುದಿ ಮುಟ್ಟುವಂತಿತ್ತು.

"ಕೆಟ್ಟಿದ್ದು ನನ್ನ ಕೆಲಸ. ಹಿಡಿದಿದ್ದು ನಮ್ಮ ಸೊಸೆ. ನಾನು ಆಗ್ಲೇ ಮುಗೀತು ಅಂದೆ, ಅವಳಿನ್ನೂ ಸರಿ ಅಂದಿಲ್ಲ."